ಊರಿನ ರುಚಿ, ಮನೆಯ ಒಲೆ

ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಹುಟ್ಟೂರನ್ನು ಬಿಟ್ಟು ಬೇರೊಂದು ಊರಿಗೆ ಹೋಗಿ ನೆಲೆಸುವುದು ಲೋಕದಲ್ಲಿ ಹೊಸತೇನೂ ಅಲ್ಲ. ಹಾಗೆ ಹೋದವರು ಮೊದಲ ದಿನ ದಾರಿ ತಿಳಿಯದೆ ತೊಳಲುತ್ತಾರೆ. ನಾಲ್ಕು ದಿನಗಳಲ್ಲಿ ಬಸ್ಸುಗಳ ಸಂಖ್ಯೆಗಳನ್ನು ಕಲಿಯುತ್ತಾರೆ. ವಾರ ಕಳೆಯುವುದರೊಳಗಾಗಿ ಕೆಲಸದ ಸ್ಥಳವೂ ಅವರಿಗೆ ರೂಢಿಯಾಗುತ್ತದೆ. ಆದರೆ ಹೊತ್ತು ಮುಳುಗಿ ಹಸಿವು ತಲೆದೋರಿದಾಗ, ‘ಈ ಊರಿನಲ್ಲಿ ನನ್ನವರು ಯಾರು?’ ಎಂಬ ಪ್ರಶ್ನೆ ಮನಸ್ಸಿನಲ್ಲಿ ಏಳುತ್ತದೆ. ಹಸಿವು ಹೊಟ್ಟೆಗೆ ಸಂಬಂಧಿಸಿದ್ದು ನಿಜ. ಆದರೆ ಒಬ್ಬರೇ ಕುಳಿತು ಉಣ್ಣಬೇಕಾದಾಗ ಅದು ಮನಸ್ಸಿಗೂ ಸಂಬಂಧಿಸಿದ್ದಾಗುತ್ತದೆ. ಆದುದರಿಂದಲೇ ಹೊಸ ಊರನ್ನು ತನ್ನದಾಗಿಸಿಕೊಳ್ಳುವ ಕೆಲಸ ಅನ್ನದಿಂದ ಆರಂಭವಾಗುತ್ತದೆ ಎಂದರೆ ತಪ್ಪಾಗಲಾರದು.

ಈ ಕೆಲಸಕ್ಕೆ ಎರಡು ದಾರಿಗಳುಂಟು. ಊರಿನ ಊಟದ ಮನೆಗಳನ್ನು ಒಂದೊಂದಾಗಿ ಕಂಡು, ಅಲ್ಲಿಯ ರುಚಿಗಳ ಮೂಲಕ ಊರಿನ ಚರಿತ್ರೆಯನ್ನೂ ಜನರನ್ನೂ ಅರಿಯುವುದು ಮೊದಲನೆಯದು. ತಾನಿರುವ ಕೋಣೆಯಲ್ಲಿಯೇ ಒಲೆ ಹೊತ್ತಿಸಿ, ತನ್ನ ಕೈಯಾರೆ ಏನನ್ನಾದರೂ ಬೇಯಿಸಿ, ನೆರೆಯವರಿಗೂ ಹಂಚುವುದು ಎರಡನೆಯದು. ಮೊದಲನೆಯದರಲ್ಲಿ ನಾವು ಊರಿನ ಅತಿಥಿಗಳು. ಎರಡನೆಯದರಲ್ಲಿ ನಾವೇ ಆತಿಥೇಯರು. ಬೆಂಗಳೂರು ನಗರವನ್ನು ನಿದರ್ಶನವಾಗಿಟ್ಟುಕೊಂಡು ಈ ಎರಡು ದಾರಿಗಳನ್ನೂ ಇಲ್ಲಿ ವಿಚಾರ ಮಾಡೋಣ.

ಕೆಂಪೇಗೌಡರು ೧೫೩೭ರಲ್ಲಿ ಕಟ್ಟಿದ ಬೆಂಗಳೂರು ಪೇಟೆಗಳ ಊರು. ಅಕ್ಕಿಪೇಟೆ, ಬಳೇಪೇಟೆ, ಚಿಕ್ಕಪೇಟೆ ಮೊದಲಾದ ಹೆಸರುಗಳೇ ಅಲ್ಲಿ ನಡೆಯುತ್ತಿದ್ದ ವ್ಯಾಪಾರವನ್ನು ನೆನಪಿಗೆ ತರುತ್ತವೆ. ೧೮೦೯ರಲ್ಲಿ ಇಂಗ್ಲಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ಇಲ್ಲಿಗೆ ತಂದು, ಪೇಟೆಯ ಪೂರ್ವಕ್ಕೆ ದಂಡು ಪ್ರದೇಶವನ್ನು ಸ್ಥಾಪಿಸಿದರು. ಪೇಟೆಯಲ್ಲಿ ರಾಗಿಯ ಮುದ್ದೆ, ಅನ್ನ, ಸಾರು. ದಂಡಿನಲ್ಲಿ ಬ್ರೆಡ್ಡು, ಬಿಸ್ಕತ್ತು, ಕೇಕು. ಹೀಗೆ ಒಂದರ ಪಕ್ಕದಲ್ಲಿ ಒಂದು ಇದ್ದರೂ ಬಹುಕಾಲ ಇವು ಎರಡು ಊರುಗಳಂತೆಯೇ ಬಾಳಿದವು. ೧೯೪೯ರಲ್ಲಿ ಎರಡೂ ಒಂದೇ ನಗರಸಭೆಯ ಆಡಳಿತಕ್ಕೆ ಒಳಪಟ್ಟವು. ಆದರೆ ಆಡಳಿತ ಒಂದಾಗುವುದಕ್ಕೆ ಮೊದಲೇ ನಾಲಗೆಗಳು ಒಂದಾಗತೊಡಗಿದ್ದವು ಎಂಬುದು ಈ ಊರಿನ ಬೇಕರಿಗಳನ್ನು ನೋಡಿದರೆ ತಿಳಿಯುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಚಿಕ್ಕಪೇಟೆಯಲ್ಲಿ ಬೇಕರಿಯ ಕೆಲಸಕ್ಕೆ ಕೈಹಚ್ಚಿದರೆಂದು ಹೇಳುತ್ತಾರೆ. ಮೊಟ್ಟೆಯನ್ನು ಮುಟ್ಟದ ಮನೆತನದವರು ದಂಡಿನ ಬ್ರೆಡ್ಡನ್ನು ಹೇಗೆ ಮಾಡಿಯಾರು? ಅವರು ಮೊಟ್ಟೆಯನ್ನು ಬಿಟ್ಟರು, ಬ್ರೆಡ್ಡನ್ನು ಬಿಡಲಿಲ್ಲ. ಬನ್ನಿನ ಹಿಟ್ಟಿಗೆ ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ ಸೊಪ್ಪು ಸೇರಿ ಖಾರಾ ಬನ್ ಹುಟ್ಟಿತು. ಕೊಬ್ಬರಿಯನ್ನೂ ಸಕ್ಕರೆಯನ್ನೂ ಒಳಗಿಟ್ಟು ಬೇಯಿಸಿದ ದಿಲ್‌ಪಸಂದ್ ಬಂದಿತು. ಪರದೇಶದ ಕುಲುಮೆಯಲ್ಲಿ ನಮ್ಮ ಒಗ್ಗರಣೆಯ ಪರಿಮಳ ಹೊಮ್ಮಿತು. ಇಂದು ಕರ್ನಾಟಕದ ಅನೇಕ ಊರುಗಳಲ್ಲಿ ‘ಅಯ್ಯಂಗಾರ್ ಬೇಕರಿ’ ಎಂಬ ಫಲಕ ಕಾಣುತ್ತದೆ. ಹೊರಗಿನಿಂದ ಬಂದುದನ್ನು ತಿರಸ್ಕರಿಸದೆ, ಕುರುಡಾಗಿ ಅನುಕರಿಸದೆ, ತನ್ನತನದೊಡನೆ ಬೆರೆಸಿಕೊಳ್ಳುವುದು ಹೇಗೆ ಎಂಬ ಪಾಠವನ್ನು ಒಂದು ಖಾರಾ ಬನ್ನು ನಮಗೆ ಕಲಿಸಬಲ್ಲದು.

ಇನ್ನು ಹೋಟೆಲುಗಳ ವಿಚಾರ. ಇಂಗ್ಲಿಷಿನಲ್ಲಿ ಹೋಟೆಲ್ ಎಂದರೆ ಮುಖ್ಯವಾಗಿ ತಂಗುವ ಸ್ಥಳ. ಕನ್ನಡಿಗನಿಗಾದರೋ ಅದು ಉಣ್ಣುವ ಸ್ಥಳ. ಈ ಅರ್ಥ ನಮ್ಮ ನಾಡಿನಲ್ಲಿ ಬೇರೂರಲು ಉಡುಪಿಯ ಕಡೆಯ ಬಾಣಸಿಗರು ಬಹುಮಟ್ಟಿಗೆ ಕಾರಣರು. ದೇವಸ್ಥಾನಗಳಲ್ಲಿಯೂ ಮಠಗಳಲ್ಲಿಯೂ ನೂರಾರು ಜನರಿಗೆ ಅಡಿಗೆ ಮಾಡಿ ಪಳಗಿದ ಕೈಗಳು ಘಟ್ಟ ಹತ್ತಿ ಬಂದು ನಗರಗಳಲ್ಲಿ ಇಡ್ಲಿ, ದೋಸೆ, ಕಾಫಿಗಳ ಅಂಗಡಿಗಳನ್ನು ತೆರೆದವು. ಆ ಕಡೆಯಿಂದ ಬಂದ ಮಯ್ಯ ಸಹೋದರರು ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಉಪಾಹಾರ ಗೃಹವೇ ಮುಂದೆ ಲಾಲ್‌ಬಾಗಿನ ಸಮೀಪದ ‘ಮಾವಳ್ಳಿ ಟಿಫಿನ್ ರೂಂ’ ಎಂದು ಪ್ರಸಿದ್ಧವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಉಂಟಾದಾಗ ಅಕ್ಕಿಯ ಬದಲು ರವೆಯಿಂದ ಇಡ್ಲಿ ಮಾಡಿ ನೋಡಿದುದರಿಂದ ರವೆ ಇಡ್ಲಿ ಹುಟ್ಟಿತೆಂದು ಆ ಸಂಸ್ಥೆಯವರು ಹೇಳುತ್ತಾರೆ. ಕೊರತೆಯೂ ಕೆಲವೊಮ್ಮೆ ರುಚಿಗೆ ತಾಯಿಯಾಗುವುದುಂಟು.

ಬಸವನಗುಡಿಯ ಗಾಂಧಿ ಬಜಾರಿನ ‘ವಿದ್ಯಾರ್ಥಿ ಭವನ’ ೧೯೪೩ರಲ್ಲಿ ತೆರೆಯಿತು. ಸುತ್ತಮುತ್ತಲಿನ ವಿದ್ಯಾರ್ಥಿಗಳಿಗೆ ತಿಂಡಿ ಒದಗಿಸುವ ಚಿಕ್ಕ ಅಂಗಡಿ ಅದಾಗಿದ್ದುದರಿಂದ ಆ ಹೆಸರು. ಬಡಿಸುವವರು ಮಸಾಲೆ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದರಂತೆ ಒಂದೇ ತೋಳಿನ ಮೇಲೆ ಜೋಡಿಸಿಕೊಂಡು, ಕಿಕ್ಕಿರಿದ ಮೇಜುಗಳ ನಡುವೆ ಅಲುಗದೆ ನಡೆದು ಬರುವ ದೃಶ್ಯ ನೋಡುವಂಥದು. ಅಲ್ಲಿ ಸ್ಥಳ ಕಡಿಮೆ, ಬರುವವರು ಹೆಚ್ಚು. ಆದುದರಿಂದ ಪರಿಚಯವಿಲ್ಲದವರೂ ಒಂದೇ ಮೇಜಿಗೆ ಕುಳಿತುಕೊಳ್ಳಬೇಕಾಗುತ್ತದೆ. ನಿವೃತ್ತ ಅಧ್ಯಾಪಕರ ಎದುರಿಗೆ ಕಾಲೇಜಿನ ಹುಡುಗಿ, ಆಕೆಯ ಪಕ್ಕದಲ್ಲಿ ಹಳ್ಳಿಯಿಂದ ಬಂದ ರೈತ. ‘ಚಟ್ನಿ ಇತ್ತ ಕೊಡುವಿರಾ?’ ಎಂಬ ಒಂದು ಮಾತಿನಿಂದ ಅಪರಿಚಯದ ಗೋಡೆ ಅಷ್ಟಿಷ್ಟು ಕುಸಿಯುತ್ತದೆ. ಇಬ್ಬರು ಸ್ನೇಹಿತರು ಒಂದೇ ಕಾಫಿಯನ್ನು ಎರಡು ಲೋಟಗಳಿಗೆ ಹಂಚಿಸಿಕೊಂಡು ಕುಡಿಯುವ ‘ಬೈ ಟು’ ಎಂಬ ಪದ್ಧತಿಯೂ ಈ ಊರಿನದೇ ಒಂದು ಸೊಗಸು. ಅರ್ಧ ಲೋಟ ಕಾಫಿಯ ನೆವದಲ್ಲಿ ಅರ್ಧ ಗಂಟೆಯ ಮಾತು ಅಲ್ಲಿ ಸಾಗುತ್ತದೆ.

ಬೆಂಗಳೂರಿನ ಊಟ ಇಷ್ಟಕ್ಕೇ ಮುಗಿಯುವುದಿಲ್ಲ. ಮಾಂಸದ ಸಾರು, ರಾಗಿಯ ಮುದ್ದೆಗಳಿಗೆ ಹೆಸರಾದ ಹೋಟೆಲುಗಳನ್ನು ಇಲ್ಲಿ ‘ಮಿಲಿಟರಿ ಹೋಟೆಲ್’ ಎನ್ನುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿಗಳನ್ನು ಬಡಿಸುವ ಉತ್ತರ ಕರ್ನಾಟಕದ ಖಾನಾವಳಿಗಳುಂಟು. ರಂಜಾನ್ ತಿಂಗಳಿನ ಸಂಜೆ ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ ಉಪವಾಸ ಮುಗಿಸಿದವರೊಡನೆ ಎಲ್ಲ ಮತಗಳವರೂ ಸೇರಿ ತಿನ್ನುತ್ತಾರೆ. ಸೇಂಟ್ ಮಾರ್ಕ್ಸ್ ರಸ್ತೆಯ ‘ಕೋಶೀಸ್’ ೧೯೪೦ರಲ್ಲಿ ಬೇಕರಿಯಾಗಿ ಹುಟ್ಟಿ ಊಟದ ಮನೆಯಾಗಿ ಬೆಳೆಯಿತು. ವಿಶ್ವೇಶ್ವರಪುರದ ತಿಂಡಿಯ ಬೀದಿಯಲ್ಲಿ ಅವರೆಕಾಯಿಯ ಕಾಲ ಬಂತೆಂದರೆ ಹಿತಕಿದ ಅವರೆಬೇಳೆಯ ಪರಿಮಳ ದಾರಿಹೋಕರನ್ನು ನಿಲ್ಲಿಸುತ್ತದೆ. ಒಂದೊಂದು ಬೀದಿಯೂ ಒಂದೊಂದು ಸೀಮೆಯ ಅಡಿಗೆಮನೆ. ಹೊಸಬನಿಗೆ ಈ ಊರು ಒಂದು ದೊಡ್ಡ ಗ್ರಂಥವಿದ್ದಂತೆ. ಹೋಟೆಲುಗಳು ಅದರ ಅಧ್ಯಾಯಗಳು.

ಈ ಗ್ರಂಥವನ್ನು ಓದುವುದಕ್ಕೂ ಒಂದು ಕ್ರಮವುಂಟು. ಬೆಳಗಿನ ಹೊತ್ತು ನಡೆದು ಹೋಗಬೇಕು. ವಾಹನದಲ್ಲಿ ಹೋಗುವವನಿಗೆ ಒಗ್ಗರಣೆಯ ವಾಸನೆ ತಿಳಿಯುವುದಿಲ್ಲ. ಆಟೋ ಓಡಿಸುವವರೂ ಮಾರುಕಟ್ಟೆಯ ಕೂಲಿಗಾರರೂ ಎಲ್ಲಿ ನಿಂತು ತಿನ್ನುತ್ತಾರೆಂಬುದನ್ನು ಗಮನಿಸಬೇಕು. ಬೆವರು ಸುರಿಸಿ ದುಡಿದವರು ಹಣಕ್ಕೆ ತಕ್ಕ ಊಟವಿಲ್ಲದ ಕಡೆಗೆ ಎರಡನೆಯ ಸಲ ಹೋಗುವುದಿಲ್ಲ. ಮನೆಯಲ್ಲಿ ದಿನವೂ ತಿನ್ನುವುದನ್ನೇ ಕೇಳದೆ, ಆ ಹೋಟೆಲಿನಲ್ಲಿ ಯಾವುದು ವಿಶೇಷವೋ ಅದನ್ನು ಕೇಳಬೇಕು. ನೀರು, ತಟ್ಟೆ, ಕೈ ತೊಳೆಯುವ ಜಾಗ ಇವುಗಳ ಶುಚಿತ್ವವನ್ನು ನೋಡಬೇಕು. ತಿನ್ನುವಷ್ಟನ್ನೇ ಹಾಕಿಸಿಕೊಳ್ಳಬೇಕು. ಕೊನೆಯದಾಗಿ, ಬಡಿಸಿದವನ ಮುಖವನ್ನು ನೋಡಿ ಒಂದು ಒಳ್ಳೆಯ ಮಾತನ್ನಾಡಬೇಕು. ಏಕೆಂದರೆ ಬಡಿಸುವವನೂ ಅನೇಕ ವೇಳೆ ಊರು ಬಿಟ್ಟು ಬಂದವನೇ. ಹಿಂದೆ ಕರಾವಳಿಯಿಂದ ಬರುತ್ತಿದ್ದವರ ಜಾಗದಲ್ಲಿ ಇಂದು ಒಡಿಶಾ, ಬಿಹಾರ, ಅಸ್ಸಾಮುಗಳಿಂದ ಬಂದ ತರುಣರೂ ಇದ್ದಾರೆ. ಉಣ್ಣುವವನೂ ಹೊಸಬ, ಬಡಿಸುವವನೂ ಹೊಸಬ. ನಡುವೆ ಇರುವುದು ಒಂದು ತಟ್ಟೆ ಅನ್ನ.

ಇಷ್ಟು ಸೊಬಗನ್ನು ಹೇಳಿದ ಮೇಲೆ ಅದರ ಹಿಂದಿನ ಕತ್ತಲೆಯನ್ನು ಹೇಳದಿರುವುದು ನ್ಯಾಯವಲ್ಲ. ಇಂದು ನಾವು ಯಾವ ಹೋಟೆಲಿಗೆ ಬೇಕಾದರೂ ಹೋಗಿ ಯಾರ ಪಕ್ಕದಲ್ಲಿಯಾದರೂ ಕುಳಿತು ಉಣ್ಣುತ್ತೇವೆ. ಒಂದು ಕಾಲದಲ್ಲಿ ಹೀಗಿರಲಿಲ್ಲ. ಮೇಲೆ ಹೇಳಿದ ಮಾವಳ್ಳಿಯ ಪ್ರಸಿದ್ಧ ಸಂಸ್ಥೆಯೇ ಆರಂಭದಲ್ಲಿ ‘ಬ್ರಾಹ್ಮಣ ಕಾಫಿ ಕ್ಲಬ್’ ಎಂಬ ಹೆಸರನ್ನು ಹೊತ್ತಿತ್ತು. ದಕ್ಷಿಣ ಭಾರತದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಸ್ಥಳ, ಉಳಿದವರಿಗೆ ಬೇರೆ ಸ್ಥಳ ಇರುತ್ತಿತ್ತು. ದಲಿತರಿಗಂತೂ ಒಳಗೆ ಪ್ರವೇಶವೇ ಇರುತ್ತಿರಲಿಲ್ಲ. ಹೊರಗೆ ನಿಂತು, ಬೇರೆಯಾಗಿ ಇಟ್ಟ ಲೋಟದಲ್ಲಿ ಕುಡಿಯಬೇಕಾದ ಅವಮಾನವನ್ನು ಅವರು ನುಂಗಬೇಕಾಗಿತ್ತು. ಹಣ ಕೊಟ್ಟರೂ ಅನ್ನ ಸಿಗದ ಸ್ಥಿತಿ ಅದು. ಹಸಿದವನಿಗೆ ಅದಕ್ಕಿಂತ ದೊಡ್ಡ ಬಡತನ ಯಾವುದಿದ್ದೀತು?

೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ಈ ಅನ್ಯಾಯವನ್ನು ಹೆಸರಿಸಿ ನಿಷೇಧಿಸಿತು. ಮತ, ಕುಲ, ಜಾತಿ, ಲಿಂಗ, ಜನ್ಮಸ್ಥಳ ಇವುಗಳ ಕಾರಣದಿಂದ ಯಾವ ಪ್ರಜೆಗೂ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳಲ್ಲಿ ಪ್ರವೇಶವನ್ನು ತಡೆಯಕೂಡದೆಂದು ಅದರ ೧೫ನೆಯ ಅನುಚ್ಛೇದ ಸಾರುತ್ತದೆ. ೧೭ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ಅಳಿಸಿಹಾಕಿತು. ೧೯೫೫ರ ಕಾಯಿದೆ ಅದನ್ನು ಆಚರಿಸುವವರಿಗೆ ಶಿಕ್ಷೆಯನ್ನು ವಿಧಿಸಿತು. ಒಂದು ದೇಶದ ಸಂವಿಧಾನದಲ್ಲಿ ಹೋಟೆಲಿನ ಹೆಸರು ಬರುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಒಟ್ಟಿಗೆ ಕುಳಿತು ಉಣ್ಣಲಾರದವರು ಒಟ್ಟಿಗೆ ಬಾಳುವುದು ಹೇಗೆ? ಸಂವಿಧಾನವನ್ನು ರಚಿಸಿದ ಹಿರಿಯರಿಗೆ ಇದರ ಮಹತ್ವ ಚೆನ್ನಾಗಿ ತಿಳಿದಿತ್ತು.

ಕಾಯಿದೆ ಬಾಗಿಲನ್ನು ತೆರೆಯಿತು. ಪಂಕ್ತಿಯ ಭೇದವನ್ನು ದಿನನಿತ್ಯದ ಜೀವನ ಮೆಲ್ಲಮೆಲ್ಲನೆ ಕರಗಿಸುತ್ತ ಬಂದಿತು. ೧೯೮೦ರ ದಶಕದಲ್ಲಿ ಬೆಂಗಳೂರಿನಲ್ಲಿ ‘ದರ್ಶಿನಿ’ ಎಂಬ ಹೊಸ ಬಗೆಯ ಉಪಾಹಾರ ಗೃಹಗಳು ಕಾಣಿಸಿಕೊಂಡವು. ಅಡಿಗೆ ಮಾಡುವುದು ಎಲ್ಲರ ಕಣ್ಣಿಗೆ ಕಾಣುತ್ತದೆ; ಹಣ ಕೊಟ್ಟು ಚೀಟಿ ಪಡೆದು, ತಟ್ಟೆಯನ್ನು ತಾವೇ ತೆಗೆದುಕೊಂಡು ನಿಂತೇ ತಿನ್ನಬೇಕು. ಅಲ್ಲಿ ಸಾಹುಕಾರನಿಗೂ ಸೇವಕನಿಗೂ ಒಂದೇ ಸರದಿ. ೨೦೧೭ರ ಆಗಸ್ಟ್ ೧೬ರಂದು ರಾಜ್ಯ ಸರ್ಕಾರ ಬೆಂಗಳೂರಿನಲ್ಲಿ ಆರಂಭಿಸಿದ ಇಂದಿರಾ ಕ್ಯಾಂಟೀನುಗಳಲ್ಲಿ ಆಗ ೫ ರೂಪಾಯಿಗೆ ತಿಂಡಿಯೂ ೧೦ ರೂಪಾಯಿಗೆ ಊಟವೂ ದೊರೆಯುವಂತಾಯಿತು. ಹಾಗೆಯೇ, ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವುದನ್ನು ೨೦೦೬ರ ಅಕ್ಟೋಬರ್ ೧೦ರಿಂದ ನಿಷೇಧಿಸಲಾಯಿತು. ಮೇಜನ್ನು ಒರೆಸುತ್ತಿದ್ದ ಎಷ್ಟೋ ಎಳೆಯ ಕೈಗಳು ಪುಸ್ತಕವನ್ನು ಹಿಡಿಯಬೇಕಾದ ಕೈಗಳಾಗಿದ್ದವು ಎಂಬುದನ್ನು ನಿಮ್ಮ ವಯಸ್ಸಿನವರು ವಿಶೇಷವಾಗಿ ನೆನೆಯಬೇಕು.

ಆದರೂ ಕೆಲಸ ಪೂರ್ತಿಯಾಗಿಲ್ಲ. ಹೋಟೆಲಿನಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಬಾಡಿಗೆಗೆ ಮನೆ ಹುಡುಕುವಾಗ ಕೇಳುವವರು ಇಂದಿಗೂ ಇದ್ದಾರೆ: ‘ನೀವು ಯಾವ ಜನ? ಮನೆಯಲ್ಲಿ ಏನು ಬೇಯಿಸುತ್ತೀರಿ?’ ಬೀದಿಯಲ್ಲಿ ಸಿಕ್ಕ ಸಮಾನತೆ ಹೊಸ್ತಿಲ ಬಳಿ ನಿಂತುಬಿಡುತ್ತದೆ. ಅದನ್ನು ಹೊಸ್ತಿಲು ದಾಟಿಸುವುದು ಕಾಯಿದೆಯೊಂದರಿಂದಲೇ ಆಗುವ ಕೆಲಸವಲ್ಲ. ಮನೆಯ ಒಲೆಯ ಮಾತನ್ನು ಇಲ್ಲಿ ಎತ್ತುವುದು ಈ ಕಾರಣಕ್ಕಾಗಿಯೇ.

ಹೊಸ ಊರಿನಲ್ಲಿ ಒಬ್ಬರೇ ಇರುವವರಿಗೆ ಮನೆಯಲ್ಲಿ ಬ್ರೆಡ್ಡು ಬೇಯಿಸುವುದು ಒಂದು ಒಳ್ಳೆಯ ಹವ್ಯಾಸ. ಇದು ಪರದೇಶದ ವಿದ್ಯೆ, ನಮ್ಮದಲ್ಲ ಎಂದು ಹಿಂಜರಿಯಬೇಕಾಗಿಲ್ಲ. ಕರಾವಳಿಯ ಮನೆಗಳಲ್ಲಿ ಹಿಟ್ಟನ್ನು ಪಾತ್ರೆಗೆ ಹೊಯ್ದು, ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವನ್ನು ಹರಡಿ ‘ಕೆಂಡದಡ್ಯೆ’ಯನ್ನು ಬೇಯಿಸುವ ಪದ್ಧತಿಯುಂಟು. ಮೇಲಿನಿಂದಲೂ ಕೆಳಗಿನಿಂದಲೂ ಒಣ ಶಾಖವನ್ನು ಕೊಟ್ಟು ಬೇಯಿಸುವುದೇ ಬೇಕರಿಯ ಕುಲುಮೆಯ ತತ್ತ್ವ. ಹಿಟ್ಟನ್ನು ಹುಳಿಸಿ ಉಬ್ಬಿಸುವುದಂತೂ ದೋಸೆ, ಇಡ್ಲಿಗಳ ನಾಡಿಗೆ ಹೊಸ ಮಾತಲ್ಲ.

ಬ್ರೆಡ್ಡು ಉಬ್ಬುವುದೇಕೆ? ಯೀಸ್ಟ್ ಎಂಬುದು ಕಣ್ಣಿಗೆ ಕಾಣದ ಒಂದು ಜೀವಿ. ಅಣಬೆಯ ವರ್ಗಕ್ಕೆ ಸೇರಿದ್ದು. ಹಿಟ್ಟಿನಲ್ಲಿರುವ ಸಕ್ಕರೆಯನ್ನು ತಿಂದು ಅದು ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಸ್ವಲ್ಪ ಮದ್ಯಸಾರವನ್ನೂ ಹೊರಬಿಡುತ್ತದೆ. ಹುದುಗುವಿಕೆ ಜೀವಿಗಳ ಕೆಲಸವೆಂಬುದನ್ನು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ೧೮೫೭ರಿಂದ ಮೊದಲುಗೊಂಡು ನಡೆಸಿದ ಪ್ರಯೋಗಗಳಿಂದ ತೋರಿಸಿಕೊಟ್ಟನು. ಗೋದಿಯ ಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಅದರಲ್ಲಿರುವ ಸಸಾರಜನಕಗಳು ಕೂಡಿಕೊಂಡು ಗ್ಲೂಟೆನ್ ಎಂಬ ಹಿಗ್ಗುವ ಬಲೆಯನ್ನು ಹೆಣೆಯುತ್ತವೆ. ಯೀಸ್ಟ್ ಬಿಟ್ಟ ಅನಿಲ ಈ ಬಲೆಯಲ್ಲಿ ಸಿಕ್ಕಿಕೊಂಡು ಹಿಟ್ಟನ್ನು ಉಬ್ಬಿಸುತ್ತದೆ. ಕುಲುಮೆಯ ಶಾಖಕ್ಕೆ ಯೀಸ್ಟ್ ಸಾಯುತ್ತದೆ. ಬಲೆ ಗಟ್ಟಿಯಾಗಿ ನಿಲ್ಲುತ್ತದೆ. ಅನಿಲ ಇದ್ದ ಜಾಗಗಳು ಬ್ರೆಡ್ಡಿನ ರಂಧ್ರಗಳಾಗಿ ಉಳಿಯುತ್ತವೆ. ಮೇಲಿನ ಸಿಪ್ಪೆ ಕೆಂಪಾಗಿ ಘಮಘಮಿಸುವುದಕ್ಕೆ ಸಕ್ಕರೆಗೂ ಸಸಾರಜನಕಕ್ಕೂ ನಡೆಯುವ ಒಂದು ರಾಸಾಯನಿಕ ಕ್ರಿಯೆ ಕಾರಣ. ೧೯೧೨ರಲ್ಲಿ ಇದನ್ನು ವಿವರಿಸಿದ ಮೈಯಾರ್ ಎಂಬ ವಿಜ್ಞಾನಿಯ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ.

ದೋಸೆಯ ಹಿಟ್ಟಿನ ಕಥೆ ಇದಕ್ಕೆ ನೆಂಟಸ್ತಿಕೆಯುಳ್ಳದ್ದು. ಅಲ್ಲಿ ಹೆಚ್ಚು ಕೆಲಸ ಮಾಡುವುವು ಹುಳಿಯನ್ನೂ ಅನಿಲವನ್ನೂ ಉಂಟುಮಾಡುವ ಬ್ಯಾಕ್ಟೀರಿಯಾಗಳು. ಅನಿಲವನ್ನು ಹಿಡಿದಿಡುವುದು ಉದ್ದಿನ ಲೋಳೆ. ಈ ಜೀವಿಗಳಿಗೆಲ್ಲ ಹಿತವಾದ ಬೆಚ್ಚಗೆ ಬೇಕು. ಮಂಗಳೂರಿನಿಂದ ಬೆಂಗಳೂರಿಗೆ ಬಂದವರು ಮೊದಲ ಚಳಿಗಾಲದಲ್ಲಿ ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಾದರೂ ಏಳಲಿಲ್ಲವೆಂದು ಬೆರಗಾಗುವುದುಂಟು. ಕಡಲ ತೀರದ ಸೆಕೆ ಎಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಈ ಊರಿನ ಡಿಸೆಂಬರಿನ ಚಳಿ ಎಲ್ಲಿ! ಈ ಎತ್ತರದಲ್ಲಿ ನೀರು ಕೂಡ ನೂರು ಡಿಗ್ರಿಗೆ ಬದಲಾಗಿ ಸುಮಾರು ೯೭ ಡಿಗ್ರಿಗೇ ಕುದಿಯುತ್ತದೆ. ಹಿಟ್ಟಿನ ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ಪಕ್ಕದಲ್ಲಿಡಬೇಕೆಂದು ನೆರೆಮನೆಯ ಅಜ್ಜಿ ಹೇಳಿಕೊಡುತ್ತಾರೆ. ಹೀಗೆ ಊರಿನ ಹವೆಯ ಪರಿಚಯವೂ ನೆರೆಯವರ ಪರಿಚಯವೂ ಒಂದೇ ಪಾತ್ರೆಯಿಂದ ಆರಂಭವಾಗುತ್ತವೆ.

ಬ್ರೆಡ್ಡಿನ ಲೆಕ್ಕ ಸರಳವಾದುದು. ಅರ್ಧ ಕಿಲೋಗ್ರಾಂ ಮೈದಾ ಅಥವಾ ಗೋದಿ ಹಿಟ್ಟು, ಸುಮಾರು ೩೦೦ ಮಿಲಿಲೀಟರ್ ಉಗುರುಬೆಚ್ಚಗಿನ ನೀರು, ೧೦ ಗ್ರಾಂ ಉಪ್ಪು, ೫ ಗ್ರಾಂ ಒಣ ಯೀಸ್ಟ್, ಒಂದೆರಡು ಚಮಚ ಎಣ್ಣೆ. ಬರಿಯ ಗೋದಿ ಹಿಟ್ಟಾದರೆ ಸ್ವಲ್ಪ ಹೆಚ್ಚು ನೀರು ಬೇಕಾಗುತ್ತದೆ. ಇವನ್ನು ಕಲಸಿ ಹತ್ತು ನಿಮಿಷ ಚೆನ್ನಾಗಿ ನಾದಿ, ಮುಚ್ಚಿಟ್ಟು, ಹಿಟ್ಟು ಎರಡರಷ್ಟಾಗುವವರೆಗೆ ಕಾಯಬೇಕು. ಬಳಿಕ ಗಾಳಿ ಹೋಗುವಂತೆ ಒತ್ತಿ, ಆಕಾರ ಕೊಟ್ಟು, ಮತ್ತೊಮ್ಮೆ ಉಬ್ಬಲು ಬಿಟ್ಟು, ೨೦೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆಗಿಂತ ತುಸು ಹೆಚ್ಚು ಕಾಲ ಬೇಯಿಸಬೇಕು. ವಿದ್ಯುತ್ತಿನ ಒಲೆಯಿಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳನ್ನೋ ಉಪ್ಪನ್ನೋ ಹರಡಿ ಕಾಯಿಸಿ, ಅದರೊಳಗೆ ಹಿಟ್ಟಿನ ತಟ್ಟೆಯನ್ನಿಟ್ಟು ಮುಚ್ಚಿ ಬೇಯಿಸುತ್ತಾರೆ. ಬಿಸಿಯೊಡನೆ ಮಾಡುವ ಈ ಕೆಲಸವನ್ನು ನೀವು ಹಿರಿಯರ ಎದುರಿನಲ್ಲಿಯೇ ಮಾಡಬೇಕು. ರಾಗಿಯಲ್ಲಿ ಗ್ಲೂಟೆನ್ ಇಲ್ಲದ್ದರಿಂದ ಬರಿಯ ರಾಗಿಯ ಬ್ರೆಡ್ಡು ಚೆನ್ನಾಗಿ ಉಬ್ಬದು. ಗೋದಿಯೊಡನೆ ಬೆರೆಸಿದರೆ ಉಬ್ಬುತ್ತದೆ. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿರುವುದರಿಂದ ಈ ಬೆರಕೆ ಎಲುಬಿಗೂ ಹಿತ.

ಈ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ. ಹಿಟ್ಟು ತನ್ನ ಕಾಲಕ್ಕೆ ಏಳುತ್ತದೆಯೇ ಹೊರತು ನಮ್ಮ ಆಜ್ಞೆಗೆ ಏಳುವುದಿಲ್ಲ. ಓಡುತ್ತಿರುವ ನಗರದಲ್ಲಿ ಕಾಯುವುದನ್ನು ಕಲಿಸುವ ಗುರು ಅದು. ಬೆಂದ ಬ್ರೆಡ್ಡಿನ ಪರಿಮಳವಾದರೋ ಕೋಣೆಯೊಳಗೇ ಉಳಿಯುವುದಿಲ್ಲ. ಮೆಟ್ಟಿಲಿಳಿದು ಹೋಗಿ ನೆರೆಯವರ ಬಾಗಿಲನ್ನು ತಟ್ಟುತ್ತದೆ. ಆಗ ನಾಲ್ಕು ಹೋಳುಗಳನ್ನು ತಟ್ಟೆಯಲ್ಲಿಟ್ಟು ಕೊಟ್ಟು ಬಂದರೆ, ಆ ತಟ್ಟೆ ಬರಿದಾಗಿ ಹಿಂದಿರುಗುವುದಿಲ್ಲ. ಕೊಟ್ಟ ಪಾತ್ರೆಯನ್ನು ಖಾಲಿಯಾಗಿ ಹಿಂದಕ್ಕೆ ಕೊಡಬಾರದೆಂಬುದು ನಮ್ಮ ಮನೆಗಳ ಹಳೆಯ ನಡವಳಿಕೆ. ಎರಡು ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ, ಹಬ್ಬದ ದಿನವಾದರೆ ಒಬ್ಬಟ್ಟು, ಈದಿನ ದಿನವಾದರೆ ಶಾವಿಗೆಯ ಪಾಯಸ, ಕ್ರಿಸ್ಮಸ್ಸಿನ ದಿನವಾದರೆ ಕಲ್‌ಕಲ್. ತಟ್ಟೆ ಹೀಗೆ ಹೋಗಿ ಬಂದು ಮಾಡುತ್ತಿರುವಾಗ ‘ನೀವು ಯಾವ ಜನ?’ ಎಂಬ ಪ್ರಶ್ನೆ ತಾನಾಗಿಯೇ ನಾಚಿ ಹಿಂದೆ ಸರಿಯುತ್ತದೆ. ಸಂವಿಧಾನ ಹೋಟೆಲಿನ ಬಾಗಿಲವರೆಗೆ ತಂದ ಸಮಾನತೆಯನ್ನು ಮನೆಯ ಹೊಸ್ತಿಲು ದಾಟಿಸುವ ಕೆಲಸವನ್ನು ಇಂಥ ಒಂದು ತಟ್ಟೆ ಮಾಡಬಲ್ಲದು.

ಈ ಎರಡು ದಾರಿಗಳ ಬೆಲೆ ತಿಳಿದುದು ೨೦೨೦ರಲ್ಲಿ. ಕೋವಿಡ್ ರೋಗದ ಕಾರಣದಿಂದ ಆ ವರ್ಷದ ಮಾರ್ಚ್ ೨೫ರಿಂದ ದೇಶವೆಲ್ಲ ಸ್ತಬ್ಧವಾಯಿತು. ಹೋಟೆಲುಗಳಲ್ಲಿ ಕುಳಿತು ಉಣ್ಣುವುದು ನಿಂತಿತು. ಜೂನ್ ೮ರ ನಂತರವೇ ಅದಕ್ಕೆ ಮತ್ತೆ ಅವಕಾಶವಾಯಿತು. ಒಲೆಯಿಲ್ಲದ ಕೋಣೆಗಳಲ್ಲಿ ಬಾಳುತ್ತಿದ್ದವರಿಗೆ ಹೋಟೆಲು ವಿಲಾಸವಲ್ಲ, ಜೀವನಾಧಾರ ಎಂಬುದು ಆಗ ಅರಿವಾಯಿತು. ಬಡಿಸುತ್ತಿದ್ದ ಕೆಲಸಗಾರರು ಕೂಲಿಯಿಲ್ಲದೆ ತಮ್ಮ ಊರುಗಳ ಹಾದಿ ಹಿಡಿದರು. ಅದೇ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಹಿರಿಯರೂ ಕಿರಿಯರೂ ಕೂಡಿ ಬ್ರೆಡ್ಡು, ಕೇಕು ಬೇಯಿಸುವುದನ್ನು ಕಲಿತರು. ಊರಿನ ಒಲೆ ಆರಿದಾಗ ಮನೆಯ ಒಲೆ ಕಾಪಾಡಿತು. ಆದರೆ ಮನೆಯ ಒಲೆಯೊಂದರಿಂದಲೇ ಊರು ಬದುಕಲಾರದೆಂಬುದೂ ಎಲ್ಲರಿಗೂ ವೇದ್ಯವಾಯಿತು.

ನಾಳೆ ನಿಮ್ಮಲ್ಲಿ ಅನೇಕರು ಓದಿಗಾಗಿಯೋ ಕೆಲಸಕ್ಕಾಗಿಯೋ ಹೊಸ ಊರುಗಳಿಗೆ ಹೋಗುವಿರಿ. ಅದು ಬೆಂಗಳೂರೇ ಆಗಿರಬೇಕೆಂದಿಲ್ಲ. ಹುಬ್ಬಳ್ಳಿಯಾಗಲಿ, ಮುಂಬಯಿಯಾಗಲಿ, ಕಡಲಾಚೆಯ ನಗರವಾಗಲಿ, ಅಲ್ಲಿಯೂ ಊಟದ ಮನೆಗಳಿರುತ್ತವೆ, ನೆರೆಮನೆಗಳಿರುತ್ತವೆ. ಆ ಊರಿನ ಅನ್ನವನ್ನು ಗೌರವದಿಂದ ಉಣ್ಣಿರಿ, ಬಡಿಸಿದವರನ್ನು ಮರೆಯದಿರಿ. ನಿಮ್ಮ ಊರಿನ ರುಚಿಯನ್ನೂ ಅಲ್ಲಿ ಬೇಯಿಸಿ ಹಂಚಿರಿ. ಉಂಡ ಊರು ಋಣದ ಊರು. ಉಣಿಸಿದ ಊರು ಸ್ವಂತ ಊರು.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ:
೧. ‘ವಿದ್ಯಾರ್ಥಿ ಭವನ’ಕ್ಕೆ ಆ ಹೆಸರು ಬರಲು ಕಾರಣವೇನು?
೨. ಬರಿಯ ರಾಗಿಯ ಬ್ರೆಡ್ಡು ಚೆನ್ನಾಗಿ ಉಬ್ಬದಿರುವುದೇಕೆ?

ಆ. ನಾಲ್ಕಾರು ವಾಕ್ಯಗಳಲ್ಲಿ ಉತ್ತರಿಸಿರಿ:
೧. ಖಾರಾ ಬನ್ನು ನಮಗೆ ಕಲಿಸುವ ಪಾಠವನ್ನು ವಿವರಿಸಿರಿ.
೨. ಸಂವಿಧಾನದಲ್ಲಿ ಹೋಟೆಲಿನ ಹೆಸರು ಬಂದುದರ ಔಚಿತ್ಯವನ್ನು ತಿಳಿಸಿರಿ.

ಇ. ಸ್ವಾರಸ್ಯವನ್ನು ಬರೆಯಿರಿ:
೧. “ಉಣ್ಣುವವನೂ ಹೊಸಬ, ಬಡಿಸುವವನೂ ಹೊಸಬ, ನಡುವೆ ಇರುವುದು ಒಂದು ತಟ್ಟೆ ಅನ್ನ.”
೨. “ಉಂಡ ಊರು ಋಣದ ಊರು, ಉಣಿಸಿದ ಊರು ಸ್ವಂತ ಊರು.”

ಈ. ಚಟುವಟಿಕೆ: ನಿಮ್ಮ ಊರಿನ ಹಳೆಯ ಹೋಟೆಲು ಅಥವಾ ಬೇಕರಿಯೊಂದಕ್ಕೆ ಹೋಗಿ, ಅಲ್ಲಿ ದುಡಿಯುವವರು ಯಾವ ಊರುಗಳಿಂದ ಬಂದವರೆಂಬುದನ್ನು ವಿನಯದಿಂದ ಕೇಳಿ ತಿಳಿದು, ಒಂದು ಪುಟದ ಪ್ರಬಂಧವನ್ನು ಬರೆಯಿರಿ.